ನೀಲವ್ವನ ಜಾಗ

ಆ ಬೆಳಿಗ್ಗೆ ಮಂಜು ಊರಿನ ಮೇಲೆ ಒದ್ದೆ ಕಂಬಳಿಯ ಹಾಗೆ ಬಿದ್ದುಕೊಂಡಿತ್ತು. ಗಾಳಿಯೆಂಬುದು ಎಳ್ಳಷ್ಟೂ ಇರಲಿಲ್ಲ. ಎರಕದ ಮನೆಯ ಹೊಗೆ ಮೇಲೇಳಲಾರದೆ ಬೀದಿಯಲ್ಲೇ ತೆವಳುತ್ತ, ಒಂದೊಂದು ಮನೆಯ ಹೊಸ್ತಿಲಲ್ಲೂ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿತ್ತು. ನಾನು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಕೈಯಿಂದ ಗೋಡೆ ಸವರುತ್ತ ಎರಕದ ಮನೆಯ ಅಂಗಳ ಸೇರಿದಾಗ ಮಾನಪ್ಪ ಕಾಕಾ ಆಗಲೇ ಅಚ್ಚಿನ ಮುಂದೆ ಕುಳಿತಿದ್ದ. ಹಿಂದಿನ ದಿನ ಎರೆದ ಕಂಚು ಒಳಗೆ ಆರಿ ತಣ್ಣಗಾಗಿತ್ತು. ಸುತ್ತಲೂ ಖಾಲಿ ಕೊಡಗಳನ್ನು ಕಂಕುಳಲ್ಲಿ ಇರುಕಿಕೊಂಡ ಹೆಂಗಸರು ನಿಂತಿದ್ದರು. ಕಾಕಾ ಕಟ್ಟಿಗೆಯ ಕೊಡತಿಯಿಂದ ಮಣ್ಣಿನ ಅಚ್ಚನ್ನು ಮೆಲ್ಲಗೆ ತಟ್ಟಿ ಒಡೆದ.

ಅದು ಊರಬಾವಿಯ ಗಡಗಡೆಗೆ ಬೇಕಾದ ಬಳೆ. ಊರೊಳಗೆ ಸಿಹಿನೀರು ಇರುವುದು ಒಂದೇ ಬಾವಿಯಲ್ಲಿ. ಅದರ ಆಳಕ್ಕೆ ಕೈಯಿಂದ ಸೇದುವ ಮಾತೇ ಇಲ್ಲ. ಎತ್ತಿನ ಜೋಡಿ ಹಗ್ಗ ಎಳೆಯಬೇಕು, ಮೇಲೆ ದೊಡ್ಡ ಗಡಗಡೆ ತಿರುಗಬೇಕು, ಆಗ ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತದೆ. ಆ ಗಡಗಡೆಯ ನಡುವೆ, ಕಬ್ಬಿಣದ ಕಂಬಿ ಹಾದುಹೋಗುವಲ್ಲಿ, ತೋಳುಗಾತ್ರದ ಕಂಚಿನ ಬಳೆ ಕೂತಿರಬೇಕು. ಹಳೆಯದು ಸವೆದು ಸವೆದು ಬಾಳೆಸಿಪ್ಪೆಯಷ್ಟು ತೆಳ್ಳಗಾಗಿ ಹರಿದುಹೋಗಿತ್ತು. ಕಟ್ಟಿಗೆಯದನ್ನು ಹಾಕಿ ನೋಡಿದರು, ಹೊಗೆಯಾಡಿ ಸುಟ್ಟಿತು. ಕಂಚೇ ಆಗಬೇಕು.

ಮಣ್ಣು ಉದುರಿತು. ಬಳೆ ಹೊರಬಂತು. ಅದರ ಒಂದು ಮಗ್ಗುಲಲ್ಲಿ ಆಚೆಯಿಂದ ಈಚೆಗೆ ಬೆಳಕು ಕಾಣುವಂಥ ತೂತು. ದುಂಡಗೆ ಶುರುವಾಗಿ ಒಂದು ಕಡೆ ಹಕ್ಕಿಯ ಕೊಕ್ಕಿನಂತೆ ಚೂಪಾದ ತೂತು.

“ಮತ್ತ ಇದರಾಗ ಬಂದು ಕುಂತಾಳಲ್ಲವಾ ನಿಮ್ಮಕ್ಕ,” ಎಂದ ಕಾಕಾ, ತಲೆಯೆತ್ತದೆ.

ಎಲ್ಲರೂ ನನ್ನನ್ನೊಮ್ಮೆ ನೋಡಿದರು, ಆಮೇಲೆ ನೋಡದವರ ಹಾಗೆ ಕೊಡಗಳನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡರು.

ನಮ್ಮೂರಿನಲ್ಲಿ ಕಂಚು ಇದ್ದಷ್ಟೇ. ಅಜ್ಜಂದಿರ ಕಾಲದಲ್ಲಿ ಎಷ್ಟಿತ್ತೋ ಈಗಲೂ ಅಷ್ಟೇ. ವ್ಯಾಪಾರಿಗಳು ಹೊರಗಿನ ಕಂಚು ತರುತ್ತಾರೆ, ನೋಡಲು ನಮ್ಮದರಂತೆಯೇ ಹೊಳೆಯುತ್ತದೆ. ಆದರೆ ಮೂಸೆಗೆ ಹಾಕಿದರೆ ನಮ್ಮ ಕಂಚು ಅದನ್ನು ತನ್ನೊಳಗೆ ಸೇರಿಸಿಕೊಳ್ಳುವುದಿಲ್ಲ. ಅದು ಕಿಟ್ಟವಾಗಿ ಮೇಲೆ ತೇಲುತ್ತದೆ, ಸೌಟಿನಿಂದ ತೆಗೆದು ಚೆಲ್ಲಬೇಕು. ಹಾಗಾಗಿ ಹೊಸದೊಂದು ಬೇಕಾದರೆ ಹಳೆಯದೊಂದು ಎರಕದ ಮನೆಗೆ ಹಿಂದಿರುಗಬೇಕು. ಒಂದು ಮನೆಯ ಮದುವೆಗೆ ತಂಬಿಗೆ ಬೇಕೆಂದರೆ ಇನ್ನೊಂದು ಮನೆಯ ಹಂಡೆಯ ತಳ ಬಿಡಬೇಕು. ನಮ್ಮಲ್ಲಿ ಬಸುರಿಯರು ಮುದುಕರನ್ನು ವಿಶೇಷ ಅಕ್ಕರೆಯಿಂದ ಮಾತಾಡಿಸುತ್ತಾರೆ. ಯಾಕೆಂದು ಮುದುಕರಿಗೂ ಗೊತ್ತು. ತಾವು ಉಣ್ಣುವ ಗಂಗಾಳವನ್ನು ಎದೆಗವಚಿಕೊಂಡು, “ಇನ್ನೂ ಉಣ್ಣಾಕತ್ತೀನವಾ, ಇನ್ನೂ ಉಣ್ಣಾಕತ್ತೀನಿ,” ಎಂದು ಬೊಚ್ಚುಬಾಯಿ ಬಿಟ್ಟು ನಗುತ್ತಾರೆ. ಸತ್ತವರ ಗಂಗಾಳ ಕರ್ಮಗಳು ಮುಗಿದ ಮೇಲೆ ಎರಕದ ಮನೆಗೆ ಬರಬೇಕು. ಬರುತ್ತದೆ. ಒಂದೊಂದು ಸಲ ಬೇಗ, ಒಂದೊಂದು ಸಲ ಮೊಮ್ಮಕ್ಕಳ ಮದುವೆ ಆದಮೇಲೆ.

ನನ್ನ ಕೆಲಸ ಆ ಬರುವಿಕೆಯನ್ನು ಕಾಯುವುದು. ಊರವರ ಬಾಯಲ್ಲಿ ನಾನು ಪಾರಕ್ಕ. ಪಾರಕ್ಕ ಬಂದಳೆಂದರೆ ಮನೆಯವರು ಪಾತ್ರೆಗಳನ್ನು ನಡುಮನೆಗೆ ತಂದಿಡುತ್ತಾರೆ. ನಾನು ಬೆರಳ ಗೆಣ್ಣಿನಿಂದ ಒಂದೊಂದನ್ನೇ ತಟ್ಟಿ, ಕಿವಿಯಿಟ್ಟು ಕೇಳುತ್ತೇನೆ. ಬಿರುಕು ಬಿಟ್ಟದ್ದು ಕೆಮ್ಮುತ್ತದೆ, ಸವೆದದ್ದು ಸಣ್ಣಗೆ ಅಳುತ್ತದೆ, ಸೀಸದ ಬೆಸುಗೆ ಹಾಕಿಸಿಕೊಂಡದ್ದು ಸುಳ್ಳು ಹೇಳುತ್ತದೆ. ಅಂಥದನ್ನು ಬೇರೆಯಿಡಬೇಕು, ಇಲ್ಲದಿದ್ದರೆ ಇಡೀ ಮೂಸೆಯನ್ನೇ ಕೆಡಿಸುತ್ತದೆ. ಇಷ್ಟು ಕಲಿಯುವುದು ಕಷ್ಟವಲ್ಲ. ಪಾತ್ರೆ ಎಷ್ಟು ದಿನ ಬಾಳುತ್ತದೆಂದು ನಾದವೇ ಹೇಳುತ್ತದೆ. ಅದನ್ನು ಹಿಡಿದ ಕೈ ಎಂದು ಬಿಡುತ್ತದೆ ಎನ್ನುವುದನ್ನು ಯಾವ ನಾದವೂ ಹೇಳುವುದಿಲ್ಲ. ಅದಕ್ಕೇ ಕಾಕಾ ನನಗೆ ಮೊದಲು ಕಲಿಸಿದ್ದು, ಇನ್ನೊಬ್ಬರ ಅಡುಗೆಮನೆಯಲ್ಲಿರುವ ಕಂಚಿನ ಮೇಲೆ ಮತ್ತೊಬ್ಬರಿಗೆ ಮಾತು ಕೊಡಬಾರದು ಎಂದು. ಒಂದೇ ಮನೆಯನ್ನು ನಂಬಿ ಕೂತರೆ ಎರಕದ ಮನೆಯ ಬೆಂಕಿ ಆರುತ್ತದೆ. ಹತ್ತು ಕಡೆ ಕಣ್ಣಿರಬೇಕು, ಅಟ್ಟದ ಮೇಲೆ ಸ್ವಲ್ಪ ಉಳಿಸಿಕೊಂಡೂ ಇರಬೇಕು. ಮಿಕ್ಕದ್ದು ಶಿವನ ಚಿತ್ತ.

ಆದರೆ ಊರು ಬಿಟ್ಟು ಆಚೆ ಹೋದ ಕಂಚಿನ ಮಾತೇ ಬೇರೆ. ಅದು ತನ್ನ ಜಾಗವನ್ನು ಇಲ್ಲೇ ಬಿಟ್ಟು ಹೋಗುತ್ತದೆ. ಎಷ್ಟು ಹೋಯಿತೋ ಅಷ್ಟೇ ಅಳತೆಯ, ಅದೇ ಆಕಾರದ ಖಾಲಿ, ಮುಂದಿನ ಎರಕದಲ್ಲಿ ಯಾವುದಾದರೊಂದು ಪಾತ್ರೆಯ ಮೈಯಲ್ಲಿ ಬಂದು ಕೂರುತ್ತದೆ. ಆ ಪಾತ್ರೆ ಇರುವವರೆಗೆ ಅಲ್ಲೇ ಇರುತ್ತದೆ, ಅದು ಕರಗಿದರೆ ಇನ್ನೊಂದಕ್ಕೆ ಹೋಗುತ್ತದೆ. ನನ್ನ ಅಕ್ಕ ನೀಲವ್ವ ಊರು ಬಿಡುವಾಗ ಒಂದು ಒಳಲೆ ತೆಗೆದುಕೊಂಡು ಹೋದಳು. ಕೂಸಿನ ಬಾಯಿಗೆ ಹಾಲು ಬಿಡುವ, ಮುಂದೆ ಮೂತಿಯಿರುವ, ಅಂಗೈಯಲ್ಲಿ ಕೂರುವಷ್ಟು ಸಣ್ಣ ಒಳಲೆ. ಅಂದಿನಿಂದ ಆ ಕೊಕ್ಕಿನ ಆಕಾರದ ತೂತನ್ನು ಊರವರು ನೀಲವ್ವನ ಜಾಗ ಎಂದೇ ಕರೆಯುತ್ತಾರೆ.

ಅಕ್ಕನಿಗೆ ತಡವಾಗಿ ಹುಟ್ಟಿದ ಮಗ ಮೊದಲ ಬೇಸಿಗೆ ದಾಟಲಿಲ್ಲ. ಒಳಲೆಯನ್ನು ಹಿಂದಕ್ಕೆ ಕೊಡಬೇಕಿತ್ತು. ಕಾಕಾ ತಾನೇ ಬಂದು, “ಗಡಿಬಿಡಿ ಇಲ್ಲವಾ, ನಿನ್ನ ಮನಸ್ಸು ಬಂದಾಗ ಕೊಡು,” ಎಂದು ಹೇಳಿ ಹೋಗಿದ್ದ. ಅವಳ ಮನಸ್ಸು ಬರಲಿಲ್ಲ. ಒಂದು ದಿನ ಉಪ್ಪಿನ ಹೇರಿನ ಎತ್ತುಗಳು ಹೊಳೆ ದಾಟುವಾಗ ಅವುಗಳ ಹಿಂದೆಯೇ ತಾನೂ ದಾಟಿದಳು. ಬಟ್ಟೆ ಒಗೆಯುತ್ತಿದ್ದವರು ಎಲ್ಲಿಗೆಂದು ಕೇಳಿದ್ದಕ್ಕೆ, “ಪಾರಿಗೆ ಹೇಳ್ರಿ, ಹಾಲಿನ ಮ್ಯಾಲ ಮುಚ್ಚಳ ಹಾಕಿಲ್ಲ,” ಎಂದಳಂತೆ. ಅಷ್ಟೇ. ನಾನು ಹೋಗಿ ನೋಡಿದಾಗ ಹಾಲಿಗೆ ಮುಚ್ಚಳ ಇರಲಿಲ್ಲ, ಬೆಕ್ಕು ಕುಡಿದಿರಲೂ ಇಲ್ಲ. ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು, ನನಗೆ ಹೇಳಿ ಹೋಗಬೇಕಾದ ಮಾತು ಅಷ್ಟೇನೇ ಎಂದು ಎಷ್ಟೋ ಕಾಲ ಕೊರಗಿದೆ. ಈಗ ಅನಿಸುತ್ತದೆ, ಸಂಜೆಗೆ ತಿರುಗಿ ಬರುವವಳಷ್ಟೇ ಅಂಥ ಮಾತು ಹೇಳಿ ಹೋಗುತ್ತಾಳೆ.

ಊರು ಆ ಜಾಗದೊಂದಿಗೆ ಬಾಳುವುದನ್ನು ಕಲಿಯಿತು. ಒಮ್ಮೆ ಅದು ರಾಚವ್ವನ ತಂಬಿಗೆಗೆ ಬಂತು. ಅವಳು ಅದರಲ್ಲಿ ಮಣ್ಣು ತುಂಬಿ ತುಳಸಿ ಹಚ್ಚಿದಳು, ಒಂದು ಬೇರು ಕೊಕ್ಕಿನಿಂದ ಹೊರಗೆ ಇಣುಕಿತು. ಅದಕ್ಕೂ ಮೊದಲೊಮ್ಮೆ ಗುಡಿಯ ತಟ್ಟೆಗೆ ಬಂದಿತ್ತು. ಪೂಜಾರಪ್ಪ ಅದರ ಮೇಲೆ ವೀಳ್ಯದೆಲೆ ಮುಚ್ಚಿ ಮಂಗಳಾರತಿ ಎತ್ತುತ್ತಿದ್ದ. ಜಾಗ ಯಾರ ಮನೆಗೆ ಬಂದಿದೆಯೋ ಅವರಿಗೆ ಬಾವಿಯಲ್ಲಿ ಮೊದಲ ಪಾಳಿ ಎಂದು ರೂಢಿಯಾಯಿತು. ನಾನು ಏನಾದರೊಂದು ನೆವ ಮಾಡಿಕೊಂಡು ಆ ಮನೆಗೆ ಹೋಗುತ್ತಿದ್ದೆ. ಮಜ್ಜಿಗೆ ಕೇಳುವುದು, ಸೂಜಿ ಕೇಳುವುದು. ಅವರೂ ಗೊತ್ತಿಲ್ಲದವರಂತೆ ಒಳಗೆ ಹೋಗಿ ತಡಮಾಡುತ್ತಿದ್ದರು. ಆ ಹೊತ್ತಿನಲ್ಲಿ ನಾನು ತೂತಿನೊಳಗೆ ಬೆರಳು ಹಾಕಿ ಸುಮ್ಮನೆ ಕೂತಿರುತ್ತಿದ್ದೆ. ಒಳಗೆ ಏನೂ ಇರುವುದಿಲ್ಲ, ಗಾಳಿಯಷ್ಟೇ. ಆದರೂ ಅದು ಅಕ್ಕನದು.

ರಾಚವ್ವ ತೀರಿಹೋದ ಮೇಲೆ ಅವಳ ತಂಬಿಗೆ ಕರಗಿದ ದಿನವೇ ಬಾವಿಯ ಬಳೆಯನ್ನೂ ಎರೆದರು. ಜಾಗ ಬಂದು ಬಳೆಯಲ್ಲಿ ಕೂತಿತು. ಮತ್ತೆ ಕರಗಿಸಿ ಎರೆದರು, ಮತ್ತೆ ಅಲ್ಲೇ ಬಂತು. ಆ ಮಂಜಿನ ಬೆಳಿಗ್ಗೆಯದು ಇನ್ನೊಂದು ಸಲದ್ದು. ಅಂಗಳದ ಇದ್ದಿಲಿನ ಗುಡ್ಡೆ ಕರಗುತ್ತ ಬಂದಿತ್ತು. ಕಾಕಾ ನನ್ನನ್ನು ಪಕ್ಕಕ್ಕೆ ಕರೆದ.

“ಅಚ್ಚು ಅಂದ್ರ ಆ ಜಾಗಕ್ಕ ಬಾಗಿಲು ಇದ್ದಂಗ, ಪಾರೀ. ಬಳಿ ಜೋಡಿ ಒಂದ ದೀಪ ಎರದೀವಿ. ಎರಡ ಬಾಗಿಲು. ದೊಡ್ಡ ಬಾಗಿಲಿಗೇ ಬರತೈತಿ. ಭಾಳ ಅಚ್ಚು ಇದ್ರ ಅತ್ತಾಗ ಇತ್ತಾಗ ಹೋದೀತು. ಮನೀ ಮನಿಗೆ ಹೋಗು. ಏನ ಬರತೈತೋ ತಗೊಂಬಾ.”

ಹೋದೆ. ಬಾವಿ ನಿಂತ ಊರಿನಲ್ಲಿ ಹೆಂಗಸರು ಹೊಳೆಯಿಂದ ನೀರು ಹೊತ್ತು ಹೊತ್ತು ಸೋತಿದ್ದರು. ಸೋತವರ ಕೈ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆಂದು ಅಂದು ತಿಳಿಯಿತು. ನಮ್ಮ ಓಣಿಯ ಕಾಶವ್ವನ ಮನೆಯಲ್ಲಿ ದೊಡ್ಡದೊಂದು ಕೊಪ್ಪರಿಗೆ ಉಪಯೋಗವಿಲ್ಲದೆ ಮೂಲೆಯಲ್ಲಿತ್ತು.

“ಕಾಶಕ್ಕಾ, ಆ ಕೊಪ್ಪರಿಗಿ ಕೊಡಬೇಕಲ್ಲವಾ.”

“ಅದರಾಗ ಕೌದಿ ಇಟ್ಟೀನಿ.”

“ಕೌದಿ ಪೆಟಿಗ್ಯಾಗ ಇಡಬಹುದಲ್ಲ.”

“ನಮ್ಮತ್ತಿ ಅದರಾಗ ಹೂರಣ ಕುದಸ್ತಿದ್ಲು. ಈಗೂ ಕೌದಿ ತೆಗದ್ರ ಯಾಲಕ್ಕಿ ವಾಸನಿ ಬರತೈತಿ. ಬಗ್ಗಿ ನೋಡು.”

ಬಗ್ಗಿ ನೋಡಿದೆ. ಹಳೆ ಬಟ್ಟೆಯ ಕೌದಿಯ ವಾಸನೆ ಬಂತು. ನನ್ನ ಮುಖ ನೋಡಿ ಅವಳಿಗೆ ಸಿಟ್ಟು ಏರಿತು.

“ನಿನ್ನ ಮೂಗಿಗೆ ಎಲ್ಲಿಂದ ಬರತೈತಿ ಬಿಡು! ಊರ ಮಂದಿ ಕೈಯಾಗಿಂದು ಬಿಡಸ್ಕೋತ ಅಡ್ಡಾಡತಿ, ನಿಮ್ಮ ಮನೀದು ಯಾವಾಗ ತುಂಬತಿ? ನಿನ್ನ ಉಣ್ಣೂ ಬಟ್ಟಲ ಒಯ್ದು ಮೂಸಿಗೆ ಹಾಕು, ಬದಲಿ ಏನೂ ಬ್ಯಾಡ ಅನ್ನು. ಇವತ್ತ ಮುಗೀತೈತಿ ನಿಮ್ಮಕ್ಕನ ಕತಿ.”

ಅವಳು ಹೇಳಿದ್ದು ಸುಳ್ಳಲ್ಲ. ಹೋದವರ ಒಡಹುಟ್ಟಿದವರು ತಮ್ಮ ಪಾಲಿನ ಕಂಚು ಕೊಟ್ಟು ಬದಲಿಗೆ ಏನನ್ನೂ ಪಡೆಯದಿದ್ದರೆ ಜಾಗ ತುಂಬಿಬಿಡುತ್ತದೆ. ಆದರೆ ತುಂಬಿದ ಜಾಗಕ್ಕೆ ಬಂದವರ ಗತಿ ಏನಾಗುತ್ತದೆಂದು ಕಾಶವ್ವನಿಗೂ ಗೊತ್ತಿತ್ತು. ನಾವಿಬ್ಬರೂ ಚಿಕ್ಕವರಿದ್ದಾಗ ಗಿರಿಮಲ್ಲನೆಂಬವನು ಊರಿಗೆ ಹಿಂದಿರುಗಿದ್ದ. ಹೋಗುವಾಗ ಎತ್ತಿನ ಕೊರಳ ಗಂಟೆಯೊಂದನ್ನು ಒಯ್ದಿದ್ದನಂತೆ. ಅಣ್ಣತಮ್ಮಂದಿರು ಕಾಯಲಿಲ್ಲ, ಅವನ ಜಾಗ ತುಂಬಿ ಕೈ ತೊಳೆದುಕೊಂಡರು. ಗಡ್ಡ ಬೆಳ್ಳಗಾದ ಮೇಲೆ ಅವನು ಬಂದು ಗಂಟೆಯನ್ನು ಮೂಸೆಗೆ ಹಾಕಿದ. ಅದು ಕಿಟ್ಟವಾಗಿ ಮೇಲೆ ತೇಲಿತು. ಸೌಟು ಹಿಡಿದವರು ಅವನ ಮುಖ ನೋಡಲಾರದೆ ತೆಗೆದು ಚೆಲ್ಲಿದರು. ನಮ್ಮ ಕಂಚಿನಲ್ಲಿ ಸೇರದವರಿಗೆ ನಮ್ಮ ಪಂಕ್ತಿಯಲ್ಲಿ ಗಂಗಾಳವಿಲ್ಲ. ಅವನು ಕುಡಿಯಲು ನೀರು ಕೇಳಿದ, ಬೊಗಸೆಯೊಡ್ಡಿ ಕುಡಿದ, ಒದ್ದೆ ಕೈಯನ್ನು ಗಡ್ಡಕ್ಕೆ ಒರೆಸಿಕೊಂಡು ಬಂದ ದಾರಿಯಲ್ಲೇ ಹೋದ. ಆ ಬೆನ್ನು ನನಗೆ ಇನ್ನೂ ನೆನಪಿದೆ. ಅಕ್ಕನ ಬೆನ್ನನ್ನು ಹಾಗೆ ನೋಡಲಾರೆ ಎಂದೇ ನಾನು ಅವಳ ಜಾಗವನ್ನು ತೆರೆದಿಟ್ಟಿದ್ದೆ.

ಕಾಶವ್ವನ ಹೊಸ್ತಿಲು ದಾಟಿ ಉಳಿದ ಮನೆಗಳಿಗೂ ಹೋದೆ. ಒಂದು ಒಡೆದ ಸೌಟು, ಹಿಡಿಕೆ ಹೋದ ಎರಡು ಗಿಂಡಿ, ಇಷ್ಟೇ ಹಿಡಿದುಕೊಂಡು ಎರಕದ ಮನೆಗೆ ಬಂದೆ. ಅಲ್ಲಿ ಬಾವಿಯ ಎತ್ತು ಹೊಡೆಯುವ ಭೀಮಶಿ ಕೆಲಸವಿಲ್ಲದೆ ಕಟ್ಟೆಯ ಮೇಲೆ ಕಾಲಾಡಿಸುತ್ತ ಕೂತಿದ್ದ. ಊರಿಗೆ ಊರೇ ಅಳುವಾಗಲೂ ನಗಿಸುವ ಮನುಷ್ಯ.

“ಕಾಕಾ, ನೀ ಇಲಿ ಹಿಡಿಯೂದ ನೋಡೀಯಿಲ್ಲ? ಬೋನಿನಾಗ ಕೊಬ್ರಿ ಚೂರು ಇಡತಾರ. ನೀಲಕ್ಕಗ ಏನ ಬೇಕು? ಒಳಲಿ ಬೇಕು. ಬಳಿ ಜೋಡಿ ಒಂದು ಒಳಲಿ ಅಚ್ಚು ಇಡು. ಆಕಿ ತನ್ನದು ಕಂಡ ಕೂಡಲೆ ಅದರಾಗ ಹೋಗಿ ಕುಂಡ್ರತಾಳ. ಅಚ್ಚು ಖಾಲಿ, ಬಳಿ ಗಟ್ಟಿ!”

“ನಮ್ಮಕ್ಕನ್ನ ಇಲಿ ಮಾಡಿದೇನೋ,” ಎಂದೆ. ನಕ್ಕೂಬಿಟ್ಟೆ.

ಕಾಕಾ ನಗಲಿಲ್ಲ. ಜೇನುಮೇಣ ಮೆತ್ತಗೆ ಮಾಡಿ, ತೂತುಬಿದ್ದ ಬಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಆ ತೂತಿಗೇ ಮೇಣ ಒತ್ತಿದ. ಮೆಲ್ಲಗೆ ಹೊರಗೆ ಜಾರಿಸಿ, ಬಿದಿರ ಸೀಳಿನಿಂದ ಒಳಗನ್ನು ಕೆರೆದು ಟೊಳ್ಳು ಮಾಡಿದ. ಅವನ ಅಂಗೈಯಲ್ಲಿ ಅಕ್ಕನ ಒಳಲೆ ಕೂತಿತ್ತು, ಮೇಣದ್ದು. ಮೂತಿಯ ಹತ್ತಿರ ಒಂದು ಸಣ್ಣ ತಗ್ಗು. ಅದು ಅವಳ ಹೆಬ್ಬೆರಳು ಒತ್ತಿ ಒತ್ತಿ ಆದದ್ದು, ನನಗೆ ಮಾತ್ರ ಗೊತ್ತಿದ್ದದ್ದು. ನಾನು ಮನೆಗೆ ಓಡಿ ನನ್ನ ಬಟ್ಟಲು ತಂದೆ.

“ಇದರಲೆ ಎರಿ ಕಾಕಾ. ಬಂದ್ರ ನನಗ ಇರಲಿ.”

ಮರುದಿನ ಮಂಜು ಹರಿದು ಒಳ್ಳೆ ಗಾಳಿ ಬಿಟ್ಟಿತು. ತಿದಿ ಒತ್ತಿದರು, ಬಳೆ, ದೀಪ, ಒಳಲೆ ಮೂರನ್ನೂ ಎರೆದರು. ಆರಿದ ಮೇಲೆ ಕಾಕಾ ಮೊದಲು ಒಡೆದದ್ದು ಒಳಲೆಯ ಅಚ್ಚನ್ನು. ಖಾಲಿ ಇರುತ್ತದೆಂದು ಎಲ್ಲರೂ ಕತ್ತು ಚಾಚಿದ್ದರು. ಮಣ್ಣಿನೊಳಗಿಂದ ಹೊಂಬಣ್ಣದ ಒಳಲೆ, ಒಂದಿಷ್ಟೂ ಊನವಿಲ್ಲದೆ, ಆಗಷ್ಟೇ ಹುಟ್ಟಿದ ಕೂಸಿನಂತೆ ಹೊರಬಂತು. ಹಾಗಾದರೆ ಜಾಗ ಬಳೆಗೇ ಹೋಯಿತೆಂದು ಯಾರೋ ನಿಟ್ಟುಸಿರು ಬಿಟ್ಟರು. ಬಳೆಯ ಅಚ್ಚು ಒಡೆದರು. ಬಳೆಯೂ ನುಣ್ಣಗೆ, ಸುತ್ತಲೂ ತೂತಿಲ್ಲದೆ ಇತ್ತು. ದೀಪವೂ ಸರಿಯಿತ್ತು. ಜಾಗ ಎಲ್ಲೂ ಇರಲಿಲ್ಲ.

“ನೀಲವ್ವ ಬಂದ್ಲು!” ಎಂದು ಕೂಗಿದ್ದು ಕಾಶವ್ವ. “ಆಕಿ ಒಳಲಿ ಊರ ಸೀಮಿ ದಾಟಿ ಒಳಗ ಬಂದಿರಬೇಕು. ಇಲ್ಲಂದ್ರ ಜಾಗ ಹೆಂಗ ಹೋದೀತು?”

ಕಾಕಾ ಕಣ್ಣೊರೆಸಿಕೊಂಡ. ಹೆಂಗಸರು ಬಳೆಗೆ ಅರಿಶಿನ ಹಚ್ಚಿದರು, ಗಂಡಸರು ಅದನ್ನು ಹೆಗಲ ಮೇಲೆ ಹೊತ್ತು ಬಾವಿಗೆ ನಡೆದರು. ನಾನು ಒಳಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕೆನ್ನೆಗೆ ಒತ್ತಿಕೊಂಡಿದ್ದೆ. ಬಳೆಯನ್ನು ತಟ್ಟಿ ನೋಡಬೇಕಾದರೆ ಒಂದು ಕೈಯಾದರೂ ಖಾಲಿ ಇರಬೇಕು. ಅಂದು ಅಂಗಳದಲ್ಲಿ ಯಾರ ಕೈಯೂ ಖಾಲಿ ಇರಲಿಲ್ಲ. ನೀಲವ್ವನ ಜಾಗ ಅದುವರೆಗೆ ಬಂದಾಗಲೆಲ್ಲ ಕಣ್ಣಿಗೆ ಕಾಣುವಂತೆಯೇ ಬಂದಿತ್ತು. ಕಾಣದಂತೆಯೂ ಬರಬಹುದೆಂದು ನಾವ್ಯಾರೂ ಎಣಿಸಿರಲಿಲ್ಲ.

ಆಮೇಲಿನ ದಿನಗಳನ್ನು ನಾನು ಇಂದಿಗೂ ಎತ್ತಿಟ್ಟುಕೊಂಡಿದ್ದೇನೆ. ಬಾವಿಯಿಂದ ಗಡಗಡೆಯ ಸದ್ದು ಕೇಳುತ್ತಿತ್ತು. ಅಕ್ಕ ಸೀಮೆಯೊಳಗೆ ಎಲ್ಲೋ ಇದ್ದಾಳೆ, ನಾಚಿಕೆಪಟ್ಟು ಯಾವುದೋ ತೋಟದಲ್ಲಿ ತಡೆದಿದ್ದಾಳೆ ಎಂದು ಊರೇ ನಂಬಿತ್ತು. ನಾನು ಎರಡು ಮುದ್ದೆ ಹಿಟ್ಟು ಹೆಚ್ಚಾಗಿಯೇ ನಾದುತ್ತಿದ್ದೆ. ಸಂಜೆ ಹೊಳೆಯ ದಂಡೆಗೆ ಹೋಗಿ ನಿಂತು, ದಾಟಿ ಬರುವವರ ಕಾಲುಗಳನ್ನು ನೋಡುತ್ತಿದ್ದೆ. ಮುಖ ಮುದಿಯಾಗಿ ಗುರುತು ತಪ್ಪಬಹುದು, ಅವಳ ಬಲಗಾಲಿನ ಕಿರುಬೆರಳು ಮಾತ್ರ ಒಳಕ್ಕೆ ಮಡಚಿದ್ದು. ಮನೆಗೆ ಬಂದು ದೇವರ ದೀಪದ ಮುಂದೆ ಒಳಲೆಯಲ್ಲಿ ಒಂದಿಷ್ಟು ಹಾಲು ಹಾಕಿಟ್ಟು ಕೂರುತ್ತಿದ್ದೆ. ಬಟ್ಟಲಿಲ್ಲದೆ ಮುತ್ತುಗದೆಲೆಯಲ್ಲಿ ಉಣ್ಣುವುದು ನನಗೇನೂ ಕಡಿಮೆ ಅನಿಸಲಿಲ್ಲ.

ಒಂದು ಮಧ್ಯಾಹ್ನ ಆ ಸದ್ದು ನಿಂತಿತು. ನಿಂತ ಮೇಲೆ ಇನ್ನೊಂದು ಸದ್ದು, ಮರ ಮುರಿದಂತೆ. ಓಡಿ ಹೋದಾಗ ಗಡಗಡೆ ಕಂಬದಿಂದ ಕಿತ್ತು ಬಿದ್ದಿತ್ತು, ನೀರು ತುಂಬಿದ ಚೀಲ ಬಾವಿಯ ತಳ ಸೇರಿತ್ತು. ಬಿಟ್ಟ ಹಗ್ಗ ಹಾವಿನಂತೆ ಹಿಂದಕ್ಕೆ ಬೀಸಿ ಭೀಮಶಿಯ ಬಲಗೈಗೆ ಸುತ್ತಿ ಮುರಿದುಹಾಕಿತ್ತು. ಅವನನ್ನು ಎತ್ತಿಕೊಂಡು ಹೋದರು. ಎರಡು ಹೋಳಾದ ಬಳೆ ಮಣ್ಣಿನಲ್ಲಿ ಬಿದ್ದಿತ್ತು. ಒಂದು ಹೋಳನ್ನು ನಾನು ಎತ್ತಿ ನೋಡಿದೆ. ಕಂಚಿನ ದಪ್ಪದೊಳಗೆ, ಹೊರಗಿನಿಂದ ಯಾರಿಗೂ ಕಾಣದಂತೆ, ಮೊಟ್ಟೆಚಿಪ್ಪಿನ ಒಳಮೈಯಷ್ಟು ನುಣುಪಾದ ಟೊಳ್ಳು. ಹೆಬ್ಬೆರಳಿಟ್ಟೆ. ಆ ಸಣ್ಣ ತಗ್ಗೂ ಅಲ್ಲೇ ಇತ್ತು. ಅಕ್ಕ ಬಂದಿರಲಿಲ್ಲ. ಬಳೆಯ ಒಳಗೆ ಸುಮ್ಮನೆ ಕೂತಿದ್ದಳು, ಅಷ್ಟೇ.

ಭೀಮಶಿಯ ಮನೆಗೆ ಹೋಗಲು ನನಗೆ ಕಾಲು ಬರಲಿಲ್ಲ. ಹೋದೆ. ತೋಳಿಗೆ ಬಿದಿರ ಪಟ್ಟಿ ಕಟ್ಟಿಸಿಕೊಂಡು ಗೋಡೆಗೆ ಒರಗಿದ್ದವನು ನನ್ನನ್ನು ಕಂಡವನೇ, “ಬಾ ಪಾರಕ್ಕ. ನಿಮ್ಮಕ್ಕ ಭೆಟ್ಟಿ ಆದ್ಲು ನೋಡು. ಬಲಗೈ ಹಿಡದು ಮಾತಾಡಿಸಿ ಹೋದ್ಲು. ಹಿಡಿತ ಗಟ್ಟಿ ಐತಿ ಆಕೀದು,” ಎಂದ.

“ನಗಬ್ಯಾಡೋ ಭೀಮಶಿ. ನಾ ಒಳಲಿ ಕೊಟ್ಟು ಜಾಗ ತುಂಬತೀನಿ.”

“ಯಾರ ಕೇಳ್ಯಾರ ನಿನಗ? ಇನ್ನೊಂದು ಕೈ ಐತಲ್ಲ. ಅದೂ ಮುರೀಲಿ, ಆಮ್ಯಾಲ ನೋಡೂಣಂತ.”

ಒಳಗಿನಿಂದ ಅವನ ಹೆಂಡತಿ ಕೂಗಿದಳು: “ಎರಡೂ ಮುರಕೊಂಡು ಕುಂತ್ರ ತುತ್ತು ಮಾಡಿ ಉಣಸಾಕಿ ನಾನ ಅಲ್ಲನ? ದೊಡ್ಡ ದಾನಶೂರ ಇಂವ!” ಹಾಗೆಂದವಳು ಹೊರಗೆ ಬಂದು ನನ್ನ ಕೈಗೆ ಮಜ್ಜಿಗೆ ಕೊಟ್ಟು, ದನಿ ಇಳಿಸಿ, “ನಮ್ಮಣ್ಣನೂ ಊರ ಬಿಟ್ಟು ಹೋದಾವ ಪಾರಕ್ಕ. ಏನೂ ಒಯ್ಯದ ಹೋದ. ಹಿಂಗ ಮುಟ್ಟಿ ನೋಡಾಕ ಒಂದು ತೂತು ಸೈತ ಇಲ್ಲ ನನಗ,” ಎಂದಳು.

ಮರುದಿನ ನಸುಕಿನಲ್ಲೇ ಎದ್ದು ಸ್ನಾನ ಮಾಡಿ, ಒಳಲೆಯನ್ನು ಸೀರೆಯ ಮಡಿಲಲ್ಲಿ ಕಟ್ಟಿಕೊಂಡು ಹೊರಟೆ. ಎರಕದ ಮನೆಯ ಅಂಗಳದಲ್ಲಿ ಹೆಜ್ಜೆಯಿಡಲು ಜಾಗವಿರಲಿಲ್ಲ. ತಂಬಿಗೆ, ಚರಿಗೆ, ಗಂಗಾಳ, ಗಿಂಡಿ, ಸತ್ತವರ ಬಟ್ಟಲು, ಹೋದ ಸಲ ನಾನು ಕೇಳಿದಾಗ ಇಲ್ಲವೇ ಇಲ್ಲ ಎಂದಿದ್ದ ಹಂಡೆ, ಎಲ್ಲ ಬಂದು ಗುಡ್ಡೆಯಾಗಿ ಬಿದ್ದಿದ್ದವು. ಗುಡ್ಡೆಯ ನಡುವೆ ಕಾಶವ್ವನ ಕೊಪ್ಪರಿಗೆ ಬಾಯಿ ತೆರೆದು ಕೂತಿತ್ತು. ಕಾಶವ್ವ ಅದರ ಕಿವಿ ಹಿಡಿದು ಇನ್ನೂ ಬಿಡದೆ ನಿಂತಿದ್ದಳು.

“ಕೌದಿ ಪೆಟಿಗ್ಯಾಗ ಹಾಕೀನಿ,” ಎಂದಳು, ಜಗಳದ ದನಿಯಲ್ಲೇ. “ಹಿಂಗೇನ ನೋಡತಿ? ಇಷ್ಟ ಬಾಗಿಲ ಇಟ್ರ ನಿಮ್ಮಕ್ಕ ಯಾವುದರಾಗರ ಕುಂದರ್ಲಿ. ನನ್ನ ಮನಿಗೇ ಬರ್ಲಿ, ನಾ ಇಟಗೋತೀನಿ. ನೀ ಏನ ತುಂಬಬ್ಯಾಡ. ಅವತ್ತ ಸಿಟ್ಟಿನಾಗ ಅಂದೆ.”

“ಹೋಗತೈತೇನ ಕಾಕಾ, ಬ್ಯಾರೆ ಕಡೆ?” ಎಂದು ಕೇಳಿದೆ.

ಕಾಕಾ ಗುಡ್ಡೆಯನ್ನು ಬಹಳ ಹೊತ್ತು ನೋಡಿದ. “ಇಷ್ಟು ಬಂದ ಮ್ಯಾಲ ಹೋಗಬಹುದು. ಹೋಗದನೂ ಇರಬಹುದು. ಬೆಂಕಿ ಮನಸಿನಾಗಿಂದು ನಾ ಹೆಂಗ ಹೇಳ್ಲಿ?”

ಬೇಲಿಯಾಚೆ ಭೀಮಶಿ ನಿಂತಿದ್ದ. ಬಲಗೈ ಕೊರಳಿಗೆ ಕಟ್ಟಿತ್ತು. ಎಡಗೈಯಿಂದ ಎತ್ತಿನ ಹಗ್ಗವನ್ನು ಆಗಲೇ ಹಿಡಿದುಕೊಂಡಿದ್ದ, ಬಳೆ ಬಂದ ಕೂಡಲೇ ಬಾವಿಗೆ ಹೊಡೆಯಬೇಕಲ್ಲ ಎಂದು. ಬಳೆ ಎಂಥದು ಬರುತ್ತದೆಂದು ಅವನು ಕೇಳಲೂ ಇಲ್ಲ.

ಇವರೆಲ್ಲ ನನ್ನ ಅಕ್ಕನಿಗಾಗಿ ಎಷ್ಟು ಬಾಗಿಲುಗಳನ್ನು ತೆರೆದಿಟ್ಟಿದ್ದರೆಂದು ನೋಡುತ್ತ ನಿಂತೆ. ಇಷ್ಟೂ ವರ್ಷ ನಾನೊಬ್ಬಳೇ ತೆರೆದಿಟ್ಟಿದ್ದೇನೆಂದು ತಿಳಿದಿದ್ದೆ. ಅವಳು ನಿಜವಾಗಿ ಬಂದರೆ ಕೂರುವುದು ಪಾತ್ರೆಯ ತೂತಿನಲ್ಲಿ ಅಲ್ಲ, ಈ ಹೆಂಗಸರ ನಡುವೆ ಎಂದು ಒಂದು ಗಳಿಗೆ ಅನಿಸಿತು. ಮರುಗಳಿಗೆ ಗಿರಿಮಲ್ಲನ ಬೆನ್ನು ಕಣ್ಣಮುಂದೆ ಬಂತು. ಎರಡೂ ನಿಜವಿರಬಹುದು, ಶಿವನಿಗೇ ಗೊತ್ತು. ಭೀಮಶಿಯ ಆ ಎಡಗೈ ಮಾತ್ರ ನನ್ನ ಕಣ್ಣೆದುರಿಗಿತ್ತು.

ಆಮೇಲಿನದನ್ನು ಈಗಲೇ ಹೇಳಿಬಿಡುತ್ತೇನೆ. ಆ ಎರಕದಲ್ಲಿ ಒಂದೂ ಪಾತ್ರೆಗೆ ತೂತು ಬರಲಿಲ್ಲ. ಬಳೆಯನ್ನು ನಾನೇ ತಟ್ಟಿ ನೋಡಿದೆ, ಒಳಗೆಲ್ಲೂ ಬಿಡುವಿಲ್ಲದ ತುಂಬು ನಾದ. ಗಡಗಡೆ ಇವತ್ತಿಗೂ ತಿರುಗುತ್ತಿದೆ, ಭೀಮಶಿ ಎರಡೂ ಕೈಯಲ್ಲಿ ಹಗ್ಗ ಹಿಡಿದು ಎತ್ತುಗಳಿಗೆ ಹಾಡು ಹೇಳುತ್ತಾನೆ. ನಾನು ಎಲೆಯಲ್ಲೇ ಉಣ್ಣುತ್ತೇನೆ. ಮಜ್ಜಿಗೆ ಕೇಳಲು, ಸೂಜಿ ಕೇಳಲು ಹೋಗುವುದಕ್ಕೆ ಯಾವ ಮನೆಯೂ ಉಳಿದಿಲ್ಲ. ಸಂಜೆ ಹೊಳೆಯ ದಂಡೆಗೆ ಮಾತ್ರ ಹೋಗುತ್ತೇನೆ. ಬಂದವಳಿಗೆ ಗಂಗಾಳ ಸಿಗುವುದಿಲ್ಲ ಎನ್ನುವುದಾದರೆ ನನ್ನ ಎಲೆಯ ಅರ್ಧ ಇದೆ.

ಅಂದು ಅಂಗಳದಲ್ಲಿ ತಿದಿ ಇನ್ನೂ ಒತ್ತಿರಲಿಲ್ಲ. ಹೆಂಗಸರು ತಮ್ಮ ತಮ್ಮ ಪಾತ್ರೆಗಳ ಬಗ್ಗೆ, ಯಾವುದು ಏನಾಗಿ ಬರಬೇಕೆಂದು ಮಾತಾಡಿಕೊಳ್ಳುತ್ತಿದ್ದರು, ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ನಾನು ಮಡಿಲ ಗಂಟು ಬಿಚ್ಚಿದೆ. ಒಳಲೆ ನನ್ನ ಮೈಯ ಬಿಸಿಗೆ ಬೆಚ್ಚಗಿತ್ತು. ಮೂತಿಗೆ ಅಂಟಿದ್ದ ಹಾಲಿನ ಕೆನೆಯನ್ನು ಸೆರಗಿನಿಂದ ಒರೆಸಿದೆ. ಮಾನಪ್ಪ ಕಾಕಾ ಕುಳಿತಲ್ಲಿಗೆ ಹೋಗಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ಅವನು ನನ್ನ ಕೈ ನೋಡಿದ, ಮುಖ ನೋಡಿದ.

“ಬದಲಿಗೆ ಏನವಾ?” ಎಂದು ಬಹಳ ಮೆಲ್ಲಗೆ ಕೇಳಿದ.

ನಾನು ಏನೂ ಬೇಡವೆಂದು ತಲೆಯಾಡಿಸಿ, ಒಳಲೆಯನ್ನು ಅವನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ಅದರ ಮೇಲೆ ಮಡಚಿದೆ.